ಮಗುವಿನ ಮನಸ್ಸಿಗೆ ಮದ್ದು: ಕೇಳಲು ಸಂಕೋಚವೇಕೆ?

ಮಗುವಿಗೆ ಜ್ವರ ಬಂದರೆ ನೆರೆಹೊರೆಯವರೆಲ್ಲ ಬಂದು ವಿಚಾರಿಸುತ್ತಾರೆ. ಅದೇ ಮಗು ಒಂದೆಡೆ ಕೂಡಲಾರದೆ ಚಡಪಡಿಸಿದರೆ, ಕಾರಣವಿಲ್ಲದೆ ರೇಗಿದರೆ, ತಂದೆತಾಯಿಗಳು ಬಾಗಿಲು ಮುಚ್ಚಿಕೊಂಡು ಕೊರಗುತ್ತಾರೆ. ಕೊನೆಗೆ ಧೈರ್ಯ ತಂದುಕೊಂಡು ಮನೋವೈದ್ಯರನ್ನು ಕಂಡು ಬಂದ ಮೇಲೂ ಅವರ ಕಳವಳ ತೀರುವುದಿಲ್ಲ. ಔಷಧದ ಚೀಟಿಯೇ ಹೊಸ ಚಿಂತೆಗೆ ಮೊದಲಾಗುತ್ತದೆ.

ಕಲಬುರಗಿ ಜಿಲ್ಲೆಯಲ್ಲಿ ಚಿಂಚೋಳಿಯ ಮಗ್ಗುಲಿಗಿರುವ ಚಂದಾಪುರದಂಥ ಊರನ್ನು ನೆನೆಯಿರಿ. ತೆಲಂಗಾಣದ ಗಡಿಗೆ ಸಮೀಪವಾದ ಈ ಸೀಮೆಯಲ್ಲಿ ಕನ್ನಡದೊಡನೆ ತೆಲುಗು, ಉರ್ದು, ತಾಂಡಾಗಳ ಲಂಬಾಣಿ ಮಾತುಗಳೂ ಕಿವಿಗೆ ಬೀಳುತ್ತವೆ. ದಿನದ ಕೂಲಿಯನ್ನು ಬಿಟ್ಟು, ಬಸ್ಸಿಗೆ ಹಣ ತೆತ್ತು ದೊಡ್ಡ ಊರಿನ ಆಸ್ಪತ್ರೆಯಲ್ಲಿ ಸರದಿ ಕಾದವರಿಗೆ ದೊರೆಯುವುದು ಕೆಲವೇ ನಿಮಿಷ. “ಡಾಕ್ಟರ್ ಸಾಹೇಬ್ರ, ಈ ಗುಳಗಿ ಚಟಾ ಹತ್ತತದೇನ್ರಿ?” ಎಂದು ಕೇಳಬೇಕೆಂದು ಬಂದ ತಾಯಿ ಕೇಳದೆಯೇ ಎದ್ದು ಬರುತ್ತಾಳೆ.

ಕೇಳದ ಪ್ರಶ್ನೆಯಿಂದಾಗುವ ಕೇಡು ಸಣ್ಣದಲ್ಲ. ಮಗು ಊಟ ಬಿಟ್ಟಿತೆಂದೋ ತೂಕಡಿಸಿತೆಂದೋ ಹೆದರಿ ಮನೆಯವರು ಗುಳಿಗೆಯನ್ನು ಗುಟ್ಟಾಗಿ ನಿಲ್ಲಿಸುತ್ತಾರೆ. ಮುಂದಿನ ಭೇಟಿಯಲ್ಲಿ ಅದನ್ನು ಹೇಳಲು ಅಂಜುತ್ತಾರೆ. ಮದ್ದು ಸಾಲದೆಂದು ಭಾವಿಸಿದ ವೈದ್ಯರು ಪ್ರಮಾಣವನ್ನು ಹೆಚ್ಚಿಸಬಹುದು! ಕೆಲವು ಔಷಧಗಳನ್ನು ಥಟ್ಟನೆ ಬಿಡುವುದೇ ಅಪಾಯ; ಅವನ್ನು ವೈದ್ಯರ ಸೂಚನೆಯಂತೆ ಮೆಲ್ಲಮೆಲ್ಲನೆ ಇಳಿಸಬೇಕು.

ಅತಿ ಚಂಚಲತೆ, ಗಮನದ ಕೊರತೆಯುಳ್ಳ ಮಕ್ಕಳ ಮದ್ದನ್ನೇ ನೋಡೋಣ. ಉತ್ತೇಜಕ ಔಷಧವೊಂದು ಇಂಥ ಮಕ್ಕಳನ್ನು ಶಾಂತಗೊಳಿಸುವ ವಿಚಿತ್ರವನ್ನು ಅಮೆರಿಕೆಯ ವೈದ್ಯ ಚಾರ್ಲ್ಸ್ ಬ್ರಾಡ್ಲಿ 1937ರಲ್ಲಿ ಪ್ರಕಟಿಸಿದರು. 1944ರಲ್ಲಿ ತಯಾರಾದ ಮಿಥೈಲ್‌ಫೆನಿಡೇಟ್ ಇಂದಿಗೂ ಬಳಕೆಯಲ್ಲಿದೆ. ಇದರ ಸಾಮಾನ್ಯ ಗುಳಿಗೆಯ ಪ್ರಭಾವ ಸುಮಾರು ನಾಲ್ಕು ಗಂಟೆ. ಹಸಿವು ತಗ್ಗಬಹುದು, ನಿದ್ರೆ ಕೆಡಬಹುದು. ಆದುದರಿಂದಲೇ ಮಗುವಿನ ಎತ್ತರ, ತೂಕ, ನಾಡಿ, ರಕ್ತದೊತ್ತಡಗಳನ್ನು ಆಗಾಗ ಅಳೆಯಬೇಕು. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟಾಗ ಚಟದ ಭಯ ಕಡಿಮೆ. ಆದರೂ ಗುಳಿಗೆ ಹಿರಿಯರ ವಶದಲ್ಲಿಯೇ ಇರಲಿ. ಉಗ್ರ ಕೋಪಕ್ಕೆ ಕೊಡುವ ರಿಸ್ಪೆರಿಡೋನ್‌ನ ರೀತಿ ಬೇರೆ. ಅದು ಹಸಿವನ್ನೂ ತೂಕವನ್ನೂ ಹೆಚ್ಚಿಸೀತು. ಖಿನ್ನತೆಯ ಮದ್ದು ಆರಂಭಿಸಿದ ಮೊದಲ ವಾರಗಳಲ್ಲಿ ಮಗುವಿನ ಮಾತು, ನಡತೆಗಳ ಮೇಲೆ ವಿಶೇಷ ಗಮನವಿರಬೇಕು. ಸಾಯುವ ಮಾತು ಬಂದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಶಾಲೆಗೆ ಸೇರದ ಚಂಚಲ ಹಸುಳೆಗಳಿಗಾದರೋ, ಮದ್ದಿಗಿಂತ ಮೊದಲು ಹೆತ್ತವರಿಗೆ ತರಬೇತಿ ಕೊಡುವುದೇ ಕ್ರಮ.

ಇವನ್ನೆಲ್ಲ ಕೇಳುವುದು ಉದ್ಧಟತನವಲ್ಲ, ಹಕ್ಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಂತೆ ಕಾಯಿಲೆಯ ಸ್ವರೂಪ, ಚಿಕಿತ್ಸೆ, ಅದರ ಅಡ್ಡ ಪರಿಣಾಮಗಳನ್ನು ಕೇಳುವವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ನಾಲ್ಕು ನುಡಿಗಳ ಗಡಿನಾಡಿಗೆ ಈ ಮಾತು ಎಷ್ಟು ಮುಖ್ಯ! ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಪ್ರಯತ್ನವೂ ನಮ್ಮ ನಾಡಿಗೆ ಹೊಸತಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರ ರಾಷ್ಟ್ರೀಯ ಜಿಲ್ಲಾ ಯೋಜನೆಗೆ ಮಾದರಿಯಾಯಿತು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು.

ಹೆತ್ತವರು ಮಾಡಬೇಕಾದುದು ಇಷ್ಟೆ: ಒಂದು ಪುಸ್ತಕದಲ್ಲಿ ಮಗುವಿನ ನಿದ್ರೆ, ಊಟ, ನಡತೆ, ತಪ್ಪಿದ ಗುಳಿಗೆಗಳನ್ನು ಬರೆದಿಡಿ. ಬರೆಯಲು ಬಾರದಿದ್ದರೆ ಶಾಲೆಯ ಗುರುಗಳ ನೆರವು ಪಡೆಯಿರಿ. ಈ ಮದ್ದು ಏಕೆ, ಎಷ್ಟು ದಿನ, ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು, ಎಂದು ನಿಲ್ಲಿಸಬಹುದು—ಈ ನಾಲ್ಕನ್ನು ಕೇಳದೆ ಕುರ್ಚಿಯಿಂದ ಏಳಬೇಡಿ. ಬೇವಿನ ಕಷಾಯ, ನಾಟಿ ಔಷಧ ಕೊಡುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.

ವೈದ್ಯರು ಮಗುವನ್ನು ನೋಡುವುದು ಕೆಲವು ನಿಮಿಷ. ತಾಯಿ ನೋಡುವುದು ಹಗಲಿರುಳು. ಆಕೆ ಕಂಡದ್ದು ವೈದ್ಯರ ಕಿವಿಗೆ ಬೀಳದಿದ್ದರೆ, ಒಳ್ಳೆಯ ಮದ್ದೂ ಕುರುಡು ಮದ್ದಾದೀತು.