ಕೂಟಲೇಖನಿ

ಶಾಸನಗಳ ಪರಿಚಯವುಳ್ಳವರಿಗೆ ‘ಕೂಟಶಾಸನ’ ಎಂಬ ಮಾತು ಹೊಸದಲ್ಲ. ಹಿಂದಿನ ದೊರೆಯೊಬ್ಬ ಎಂದೂ ಕೊಡದಿದ್ದ ಭೂಮಿಯನ್ನು ತಮ್ಮ ಹಿರಿಯರಿಗೆ ಕೊಟ್ಟನೆಂದು ತಾಮ್ರದ ಹಲಗೆಯ ಮೇಲೆ ಕೊರೆಯಿಸಿ ಮನೆಯಲ್ಲಿಟ್ಟುಕೊಂಡ ಜಾಣರು ನಮ್ಮ ನಾಡಿನಲ್ಲಿ ಬಹುಕಾಲದಿಂದಲೂ ಇದ್ದಾರೆ. 1901ರಲ್ಲಿ ಜೆ. ಎಫ್. ಫ್ಲೀಟರು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಇಂಥ ಶಾಸನಗಳ ಉದ್ದವಾದ ಪಟ್ಟಿಯನ್ನೇ ಪ್ರಕಟಿಸಿದರು. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಬಿ. ಎಲ್. ರೈಸರು ನಂಬಿದರು, ಫ್ಲೀಟರು ನಂಬಲಿಲ್ಲ. ಆ ವಾದವನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ರಸವತ್ತಾಗಿಯೇ ಬಣ್ಣಿಸುತ್ತೇನೆ. ತಿಥಿಗೂ ವಾರಕ್ಕೂ ಹೊಂದಿಕೆಯಿಲ್ಲದಿದ್ದರೆ ಸಂಶಯಪಡಿ. ಶಾಸನ ಹೇಳುವ ಕಾಲ ಒಂದು, ಅದರ ಅಕ್ಷರದ ಕಾಲ ಇನ್ನೊಂದು ಆದರೆ ಸಂಶಯವನ್ನು ಇಮ್ಮಡಿಸಿಕೊಳ್ಳಿ ಎಂದು ವಿದ್ಯಾರ್ಥಿಗಳಿಗೆ ಉಪದೇಶಿಸುತ್ತೇನೆ. ಹೀಗೆ ಉಪದೇಶಿಸಬಲ್ಲ ನಾನೇ ಕಳೆದ ವರ್ಷ ಕಡಲಾಚೆಯ ಮಾರಾಟಗಾರನೊಬ್ಬನಿಂದ, ಕಂಪ್ಯೂಟರಿನ ಮುಂದೆ ಕುಳಿತು, ಹರಾಜಿನಲ್ಲಿ ಒಂದು ಲೇಖನಿಯನ್ನು ಕೊಂಡೆ.

ನನಗಾಗಿ ಕೊಂಡದ್ದಲ್ಲ. ನನಗೆ ಗ್ರಂಥಸಂಪಾದನೆಯನ್ನು ಕಲಿಸಿದ ಗುರುಗಳಿಗೆ ಎಂಬತ್ತು ತುಂಬುವುದರಲ್ಲಿತ್ತು. ಶಾಲು, ಹಾರ, ಹಣ್ಣಿನ ತಟ್ಟೆಗಳಿಂದ ಅವರು ಬೇಸತ್ತಿದ್ದುದನ್ನು ನಾನು ಬಲ್ಲೆ. ವಿದ್ಯಾರ್ಥಿದೆಸೆಯಲ್ಲಿ ಅವರ ತಂದೆಯವರು ಒಂದು ಪಾರ್ಕರ್ 51 ಲೇಖನಿಯನ್ನು ಕೊಟ್ಟಿದ್ದರಂತೆ. ಕಪ್ಪು ಮೈ, ಬೆಳ್ಳಿಬಣ್ಣದ ಟೋಪಿ, ಬಾಣದ ಆಕಾರದ ಕೊಕ್ಕೆ. ಓಲೆಗರಿಗಳಿಂದ ಪಾಠಾಂತರಗಳನ್ನು ಗುರುತುಹಾಕಿಕೊಳ್ಳುತ್ತಿದ್ದುದೆಲ್ಲ ಅದರಿಂದಲೇ. ಒಮ್ಮೆ ರೈಲಿನಲ್ಲಿ ಯಾರೋ ಅದನ್ನು ಜೇಬಿನಿಂದ ಎಗರಿಸಿದರು. ಅಂದಿನಿಂದ ಬಾಲ್‌ಪೆನ್ನು. “ಇದು ಬರೆಯುವುದಿಲ್ಲವಯ್ಯಾ, ಗೀರುತ್ತದೆ” ಎಂದು ಅವರು ಗೊಣಗಿದ್ದನ್ನು ನಾನು ಎಷ್ಟು ಸಲ ಕೇಳಿದ್ದೇನೋ!

ಪಾರ್ಕರ್ 51 ಎಂಬುದು ಸಾಮಾನ್ಯ ವಸ್ತುವಲ್ಲ. 1888ರಲ್ಲಿ ಆರಂಭವಾದ ಕಂಪನಿಯ ಐವತ್ತೊಂದನೆಯ ವರ್ಷದ ನೆನಪಿಗೆ ಆ ಹೆಸರು. ಮಾರುಕಟ್ಟೆಗೆ ಬಂದದ್ದು 1941ರಲ್ಲಿ. ಅದರ ಚಿನ್ನದ ನಿಬ್ಬು ಹೊರಗೆ ಕಾಣುವುದಿಲ್ಲ. ಮುಸುಕಿನೊಳಗಿನಿಂದ ತುದಿಯನ್ನಷ್ಟೇ ಚಾಚಿರುತ್ತದೆ. ಟೋಪಿಯನ್ನು ತಿರುಗಿಸಬೇಕಾದುದಿಲ್ಲ, ಮೆಲ್ಲನೆ ತಳ್ಳಿದರೆ ಸಾಕು, ಕುಳಿತುಕೊಳ್ಳುತ್ತದೆ. ಹಳೆಯ ಮಾದರಿಯ ತಯಾರಿಕೆ 1970ರ ದಶಕದ ಆರಂಭದಲ್ಲಿ ನಿಂತುಹೋಯಿತು. ಆದ್ದರಿಂದ ಅದು ಬೇಕೆಂಬವನಿಗೆ ಹಳೆಯ ವಸ್ತುಗಳ ಹರಾಜೇ ಗತಿ. ಚೀನಾದೇಶದ ಹೀರೋ ಲೇಖನಿಗಳಲ್ಲಿಯೂ ಇದೇ ರೂಪದವು ಉಂಟು. ಅವು ತಮ್ಮ ಹೆಸರನ್ನೇ ಹೊತ್ತು ಬಂದವು. ಅವನ್ನು ಖೋಟಾ ಎನ್ನುವುದು ಅನ್ಯಾಯ. ಅಂಥ ಮೈಯ ಮೇಲೆ ಪಾರ್ಕರ್ ಎಂದು ಕೊರೆದಾಗಲೇ ಅದು ಖೋಟಾ ಆಗುವುದು.

ನಮ್ಮೂರ ಹರಾಜಿನಲ್ಲಿ ವಸ್ತು ಕಣ್ಣೆದುರು ಇರುತ್ತದೆ. ಎತ್ತಿನ ಹಲ್ಲು ಹಿಡಿದು ನೋಡಿ ಸವಾಲು ಕೂಗುತ್ತೇವೆ. ಕಡಲಾಚೆಯ ಈ ಹರಾಜಿನಲ್ಲಿ ಇರುವುದು ಎತ್ತಿನ ಚಿತ್ರ ಮಾತ್ರ. ಇಂಥ ಕಟ್ಟೆಗಳಲ್ಲಿ ಬಹು ಪ್ರಸಿದ್ಧವಾದ ಇಬೇ 1995ರಲ್ಲಿ ಅಮೆರಿಕದಲ್ಲಿ ಆರಂಭವಾದಾಗ ಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ದೀಪ, ಬೆಲೆ 14.83 ಡಾಲರು. ಕೆಟ್ಟದ್ದೆಂದು ತಿಳಿದೇ ಕೊಂಡೆಯಾ ಎಂದು ಮಾರಿದವರು ಕೇಳಿದರಂತೆ. ಕೆಟ್ಟವನ್ನೇ ಕೂಡಿಡುವುದು ನನ್ನ ಹವ್ಯಾಸ ಎಂದನಂತೆ ಕೊಂಡವನು. ಆ ಸತ್ಯಯುಗ ಬಹುಕಾಲ ಉಳಿಯಲಿಲ್ಲ. ಆಭರಣದ ಕಂಪನಿಯಾದ ಟಿಫನಿ ತನ್ನ ಹೆಸರಿನ ಖೋಟಾ ಒಡವೆಗಳ ವಿಷಯವಾಗಿ ಇಬೇಯ ಮೇಲೆ ದಾವೆ ಹೂಡಿತು. ಇಂಥ ಖೋಟಾ ವಸ್ತು ಇಲ್ಲಿದೆಯೆಂದು ನಿರ್ದಿಷ್ಟವಾಗಿ ತಿಳಿಯದ ಹೊರತು ಹರಾಜುಕಟ್ಟೆ ಹೊಣೆಯಲ್ಲ ಎಂದು 2008ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಹೇಳಿತು. 2010ರಲ್ಲಿ ಮೇಲಿನ ನ್ಯಾಯಾಲಯವೂ ಮುಖ್ಯಾಂಶದಲ್ಲಿ ಅದನ್ನೇ ಎತ್ತಿಹಿಡಿಯಿತು. ನಾನು ಹೋದ ಕಟ್ಟೆ ಬೇರೆಯದು. ಅದರ ಹೆಸರು ಇಲ್ಲಿ ಬೇಡ, ಪೆದ್ದುತನ ನನ್ನದು.

‘1949ರ ಪಾರ್ಕರ್ 51, ಒಬ್ಬರೇ ಬಳಸಿದ್ದು’ ಎಂದಿತ್ತು. ಮೂರು ಚಿತ್ರಗಳಿದ್ದವು. ಹರಾಜು ಮುಗಿಯುವುದು ನಮ್ಮ ನಡುರಾತ್ರಿ ಎರಡು ಗಂಟೆಗೆ. ನಾನು ಸಾವಿರ ಏರಿಸಿದರೆ ಕಾಣದ ಕೈಯೊಂದು ಇನ್ನೂರು ಏರಿಸುತ್ತಿತ್ತು. ಆ ಹೊತ್ತಿನಲ್ಲಿ ನನಗೆ ಲೇಖನಿ ಮರೆತೇಹೋಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಆ ಕೈಯನ್ನು ಸೋಲಿಸುವುದೊಂದೇ ಬೇಕಾಗಿತ್ತು. 9,400 ರೂಪಾಯಿಗೆ ಗೆದ್ದೆ. ಮನೆಯಾಕೆಯನ್ನು ಎಬ್ಬಿಸಿ ಹೇಳಿದೆ. ಆಕೆ ಗಡಿಯಾರ ನೋಡಿ ಮತ್ತೆ ಮಲಗಿದಳು.

ಹುಟ್ಟುಹಬ್ಬದ ದಿನ ಗುರುಗಳು ಪೆಟ್ಟಿಗೆಯನ್ನು ತೆರೆದು, ಟೋಪಿಯನ್ನು ಎಳೆದು, ನಿಬ್ಬನ್ನು ನೋಡಿ, ಮತ್ತೆ ಮುಚ್ಚಿ, ಬಹಳ ಹೊತ್ತು ನನ್ನ ಕೈಯನ್ನು ಹಿಡಿದುಕೊಂಡಿದ್ದರು. ನಾನು ಧನ್ಯನಾದೆನೆಂದುಕೊಂಡೆ.

ಐದಾರು ವಾರ ಕಳೆದು ಹೋಗಿ ನೋಡಿದರೆ ಅವರು ಬಾಲ್‌ಪೆನ್ನಿನಲ್ಲೇ ಬರೆಯುತ್ತಿದ್ದರು. ನಾನು ಕೇಳಿದೆ. ಅವರು ಮಾತು ಮರೆಸಿದರು. ಮತ್ತೆ ಕೇಳಿದೆ. ಆಗ ಒಳಗಿನಿಂದ ಓಲೆಗರಿ ಓದುವ ಭೂತಗನ್ನಡಿಯನ್ನೂ ಲೇಖನಿಯನ್ನೂ ತಂದು ನನ್ನ ಮುಂದಿಟ್ಟು, “ನೀನೇ ಓದಪ್ಪಾ” ಎಂದರು.

ಟೋಪಿಯ ಮೇಲಿನ ಹೆಸರನ್ನು ಓದಿದೆ. ಆ ಕಾಲದಲ್ಲಿ ಹೆಸರನ್ನು ಲೋಹದಲ್ಲಿ ಅಚ್ಚೊತ್ತುತ್ತಿದ್ದರು. ಇಲ್ಲಿನ ಅಕ್ಷರಗಳ ಅಂಚು ಸಣ್ಣಗೆ ಸುಟ್ಟು ಕಪ್ಪಾಗಿತ್ತು. ಲೇಸರ್ ಕಿರಣದ ಕೆಲಸ. 1949ರ ಶಾಸನದಲ್ಲಿ ಇಪ್ಪತ್ತೊಂದನೆಯ ಶತಮಾನದ ಲಿಪಿ! ಆ ಕಾಲದ ಅಮೆರಿಕದ ಲೇಖನಿಗಳ ಮೈಮೇಲೆ ವರ್ಷವನ್ನು ಸೂಚಿಸುವ ಸಣ್ಣ ಅಂಕಿಯಿರುತ್ತದೆ. ಇಲ್ಲಿರಲಿಲ್ಲ. “ಅದು ಸವೆದಿರಲೂಬಹುದು, ಇಲ್ಲವೆಂಬುದೊಂದೇ ಸಾಕ್ಷಿಯಾಗುವುದಿಲ್ಲ” ಎಂದು ಗುರುಗಳು ಎಂದಿನ ನ್ಯಾಯಬುದ್ಧಿಯಿಂದ ಹೇಳಿದರು. ಮೈಯನ್ನು ಬಿಚ್ಚಿದೆವು. 1948ರಿಂದೀಚಿನ 51ರ ಒಳಗೆ ಮಸಿಚೀಲವನ್ನು ಕಾಯುವ ಲೋಹದ ಕೊಳವೆಯಿದ್ದು, ಮಸಿ ತುಂಬುವ ಬಗೆಯನ್ನು ಅದರ ಮೇಲೆ ಕೊರೆದಿರುತ್ತಾರೆ. ಇದರ ಕೊಳವೆ ಬೋಳಾಗಿತ್ತು. ಕೊನೆಗೆ ಮೊಮ್ಮಗನ ಆಟದ ಅಯಸ್ಕಾಂತವನ್ನು ತರಿಸಿದರು. ಚಿನ್ನ ಅದಕ್ಕೆ ಅಂಟುವುದಿಲ್ಲ. ನಮ್ಮ ನಿಬ್ಬು ಬಹು ಪ್ರೀತಿಯಿಂದ ಅಂಟಿಕೊಂಡಿತು.

“ಕೊಕ್ಕೆ ಮಾತ್ರ ಹಳೆಯದಿರಬಹುದು. ಒಂದು ಪದ್ಯ ಕವಿಯದು, ಉಳಿದದ್ದೆಲ್ಲ ಪ್ರಕ್ಷಿಪ್ತ” ಎಂದರು.

ಮಾರಾಟಗಾರನ ಪುಟವನ್ನು ತೋರಿಸು ಎಂದರು. ತೋರಿಸಿದೆ. ಅವರು ನೋಡಿದ ರೀತಿಯೇ ಬೇರೆ. ಮೂರು ಚಿತ್ರಗಳಲ್ಲಿ ಎರಡರಲ್ಲಿ ಮರದ ಮೇಜು, ಒಂದರಲ್ಲಿ ಬಿಳಿಯ ಬಟ್ಟೆ. ಟೋಪಿಯ ಗೀರು ಒಂದರಲ್ಲಿದ್ದುದು ಇನ್ನೊಂದರಲ್ಲಿಲ್ಲ. “ಮೂರು ಬೇರೆ ಬೇರೆ ಪ್ರತಿಗಳಿಂದ ಎತ್ತಿದ್ದಾನೆ. ಟೋಪಿಯನ್ನು ತೆಗೆದು, ಇವತ್ತಿನ ವೃತ್ತಪತ್ರಿಕೆಯ ಮೇಲಿಟ್ಟು ಒಂದು ಚಿತ್ರ ಕಳುಹಿಸಪ್ಪಾ ಎಂದು ನೀನು ಕೇಳಬೇಕಿತ್ತು. ಇರುವವನು ಕಳುಹಿಸುತ್ತಾನೆ; ಇಲ್ಲದವನು ಸುಮ್ಮನಾಗುತ್ತಾನೆ.” ಮಾರಾಟಗಾರನನ್ನು ಹೊಗಳಿದ ಇನ್ನೂರು ಒಕ್ಕಣೆಗಳನ್ನು ನಂಬಿದ್ದೆನೆಂದೆ. ಅವನ್ನು ಒಂದೊಂದಾಗಿ ಓದಿಸಿದರು. ಬಹುಪಾಲು ಮೊಬೈಲಿನ ಹೊದಿಕೆಯನ್ನು ಕೊಂಡವರ ಮೆಚ್ಚುಗೆ. ಲೇಖನಿಯ ಮಾತೇ ಇಲ್ಲ. ಅದೇ ಅಂಗಡಿಯಲ್ಲಿ ಆ ದಿನವೂ ಹನ್ನೊಂದು ‘1949ರ ಪಾರ್ಕರ್’ಗಳಿದ್ದವು, ಹನ್ನೊಂದನ್ನೂ ಒಬ್ಬೊಬ್ಬರೇ ಬಳಸಿದ್ದರು! ಪುಟದಲ್ಲಿ ಊರು ಅಮೆರಿಕದ್ದು. ಪೊಟ್ಟಣದ ಅಂಚೆಮುದ್ರೆ ಬೇರೊಂದು ಖಂಡದ್ದು. ನಾನು ಆ ಲಕೋಟೆಯನ್ನು ತೆಗೆದಿಟ್ಟಿದ್ದೆ, ಓದಿರಲಿಲ್ಲ.

ಒಂದೇ ಒಂದು ಜಾಣತನವನ್ನು ನಾನು ಮಾಡಿದ್ದೆ. ಹಣವನ್ನು ಕಟ್ಟೆಯ ಮೂಲಕ ಕೊಡಬೇಡ, ನನಗೇ ನೇರವಾಗಿ ಕಳುಹಿಸು, ಐನೂರು ಕಡಿಮೆ ಮಾಡುತ್ತೇನೆ ಎಂದು ಆತ ಬರೆದಿದ್ದ, ನಾನು ಒಪ್ಪಿರಲಿಲ್ಲ. ಹಾಗೆ ಕೊಟ್ಟ ಹಣಕ್ಕೆ ಯಾವ ಕಟ್ಟೆಯೂ ಜಾಮೀನು ನಿಲ್ಲದು. ನಮ್ಮ ಸರ್ಕಾರವೂ 2007ರಲ್ಲಿ ಖೋಟಾ ಆಮದನ್ನು ಸುಂಕದ ಕಟ್ಟೆಯಲ್ಲಿ ತಡೆಯುವ ನಿಯಮಗಳನ್ನು ಮಾಡಿದೆ. ಆದರೆ ಸ್ವಂತ ಬಳಕೆಗೆಂದು ಬರುವ ಸಣ್ಣ ಪೊಟ್ಟಣಗಳನ್ನು ಆ ನಿಯಮಗಳೇ ಹೊರಗಿಟ್ಟಿವೆ. ನನ್ನಂಥವನ ಪಾಲಿಗೆ ಉಳಿದದ್ದು ಕಟ್ಟೆಯ ಜಾಮೀನೊಂದೇ. ವಸ್ತು ಕೈಸೇರಿದ ಮೂವತ್ತು ದಿನಗಳೊಳಗೆ ದೂರು ಕೊಟ್ಟರೆ ಹಣ ವಾಪಸು ಎಂದು ಅದರ ಕರಾರಿನಲ್ಲಿತ್ತು.

ನಾನು ದಿನಗಳನ್ನು ಎಣಿಸಿದೆ. ನಲವತ್ತನಾಲ್ಕು ಆಗಿತ್ತು.

“ತಮಗೆ ಯಾವಾಗ ತಿಳಿಯಿತು?” ಎಂದು ಕೇಳಿದೆ.

ಗುರುಗಳು ಭೂತಗನ್ನಡಿಯನ್ನು ಪಂಚೆಯ ಅಂಚಿನಿಂದ ಒರೆಸುತ್ತ, “ಅವತ್ತೇ ತಿಳಿಯಿತಯ್ಯಾ, ಟೋಪಿ ತೆಗೆದಾಗ. ಅಷ್ಟು ಜನರ ಮುಂದೆ ಹೇಗೆ ಹೇಳಲಿ? ಆಮೇಲೆ ನಿನ್ನ ಮುಖ ನೆನಪಾಗಿ ಹೇಳಲಾಗಲಿಲ್ಲ. ಇಂಥಾ ಒಂದು ಗಡುವು ಇದೆಯೆಂದು ನನಗೇನು ಗೊತ್ತು?” ಎಂದರು. ಅವರ ದನಿಯಲ್ಲಿ ನಿಜವಾದ ಅಪರಾಧಭಾವವಿತ್ತು. ನನ್ನ ಹಣ ತಮ್ಮಿಂದ ಹೋಯಿತೆಂದು ಆ ಸಂಜೆಯೆಲ್ಲ ಪೇಚಾಡಿದರು. ಕಾಫಿಯನ್ನೂ ಎರಡು ಸಲ ತರಿಸಿದರು.

ಹೊರಡುವಾಗ ಲೇಖನಿಯನ್ನು ನನ್ನ ಜೇಬಿಗೆ ಸಿಕ್ಕಿಸಿ, “ಕೂಟಶಾಸನದ ಪಾಠಕ್ಕೆ ಇಟ್ಟುಕೋ” ಎಂದರು. ಇಟ್ಟುಕೊಂಡಿದ್ದೇನೆ. ಈ ವರ್ಷ ಅದು ತರಗತಿಯಲ್ಲಿ ಕೈಯಿಂದ ಕೈಗೆ ಹೋಗಿ ಬಂತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ್, ಇದು ಬರೆಯುತ್ತದೆಯೇ?” ಎಂದು ಕೇಳಿದಳು. ಬರೆಯುತ್ತದೆ. ಈ ಲೇಖನವನ್ನೂ ಅದರಲ್ಲೇ ಆರಂಭಿಸಿದೆ. ಮೂರನೆಯ ಪುಟದಲ್ಲಿ ಮಸಿ ಸೋರಿ ಬೆರಳೆಲ್ಲ ನೀಲಿಯಾಯಿತು. ಉಳಿದುದನ್ನು ಬಾಲ್‌ಪೆನ್ನಿನಲ್ಲಿ ಗೀರಿದ್ದೇನೆ.