ಟ್ರಾಕ್ಟರಿನ ಬ್ಯಾಟರಿಯೂ ಆಲ್ಟರ್ನೇಟರಿನ ವೋಲ್ಟೇಜೂ

ಮುಂಗಾರಿನ ಮೊದಲ ಮಳೆ ಬಿದ್ದು ಭೂಮಿಯು ಹದವಾಗಿರುವ ನಾಲ್ಕಾರು ದಿನಗಳು ವ್ಯವಸಾಯಗಾರನಿಗೆ ಎಷ್ಟು ಅಮೂಲ್ಯವಾದವುಗಳೆಂಬುದು ಸರ್ವರಿಗೂ ತಿಳಿದ ವಿಷಯ. ಬೇಸಗೆಯೆಲ್ಲ ಷೆಡ್ಡಿನಲ್ಲಿ ನಿಂತಿದ್ದ ಟ್ರಾಕ್ಟರು ಅಂತಹ ಸಮಯದಲ್ಲಿಯೇ ಚಾಲೂ ಆಗದೆ ಹೋಗುವುದುಂಟು. ಬ್ಯಾಟರಿ ಕೆಟ್ಟಿತೆಂದು ಹೊಸದನ್ನು ಕೊಂಡು ತರುವುದು ವಾಡಿಕೆ. ಅದೂ ಕೆಲವು ತಿಂಗಳಲ್ಲಿ ಸೋತರೆ ಆಲ್ಟರ್ನೇಟರನ್ನು ಬದಲಾಯಿಸುವರು. ಆದರೆ ಎಷ್ಟೋ ವೇಳೆ ಇವೆರಡರಲ್ಲಿಯೂ ದೋಷವಿರುವುದಿಲ್ಲ. ಇವೆರಡರ ನಡುವಣ ದಾರಿಯಲ್ಲಿ ದೋಷವಿರುತ್ತದೆ. ಹಣವನ್ನು ವೆಚ್ಚಮಾಡುವುದಕ್ಕೆ ಮುಂಚೆ ವೋಲ್ಟೇಜನ್ನು ಅಳೆದು ನೋಡುವುದು ಲೇಸು.

ವಿದ್ಯುತ್ತು ತುಂಬುವ ಬಗೆ

ಸೀಸ ಮತ್ತು ಗಂಧಕಾಮ್ಲಗಳ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸ್ ದೇಶದ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿಯು ರಚಿಸಿದನು. ಟ್ರಾಕ್ಟರಿನ 12 ವೋಲ್ಟು ಬ್ಯಾಟರಿಯಲ್ಲಿ ಇಂತಹ ಆರು ಕೋಶಗಳಿರುತ್ತವೆ. ಪೂರ್ತಿ ತುಂಬಿದಾಗ ಒಂದೊಂದು ಕೋಶವು ಸುಮಾರು 2.1 ವೋಲ್ಟಿನಂತೆ ಒಟ್ಟು 12.6 ವೋಲ್ಟನ್ನು ತೋರಿಸುವುದು. ಕೆರೆಯ ನೀರಿನ ಮಟ್ಟವು ಗದ್ದೆಗಿಂತ ಮೇಲಿದ್ದಲ್ಲದೆ ನೀರು ಹರಿಯಲಾರದು. ಅದರಂತೆಯೇ, ತುಂಬುವ ವೋಲ್ಟೇಜು ಬ್ಯಾಟರಿಯ ವೋಲ್ಟೇಜಿಗಿಂತ ಹೆಚ್ಚಾಗಿರಬೇಕು. ಆದಕಾರಣ ಆಲ್ಟರ್ನೇಟರು ಸಾಧಾರಣವಾಗಿ 13.8ರಿಂದ 14.5 ವೋಲ್ಟಿನವರೆಗೆ ಕೊಡುವಂತೆ ಏರ್ಪಡಿಸಲ್ಪಟ್ಟಿದೆ.

ಹಿಂದಿನ ವಾಹನಗಳಲ್ಲಿದ್ದ ಡೈನಮೋ, ಇಂಜಿನು ನಿಧಾನವಾಗಿ ತಿರುಗುವಾಗ ಸಾಕಷ್ಟು ವಿದ್ಯುತ್ತನ್ನು ಕೊಡುತ್ತಿರಲಿಲ್ಲ. ಅಮೆರಿಕದ ಕ್ರೈಸ್ಲರ್ ಕಂಪೆನಿಯು 1960ರ ಮಾದರಿಯ ವೇಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರನ್ನು ಅಳವಡಿಸಿದ ತರುವಾಯ ಅದರ ಬಳಕೆಯು ಎಲ್ಲೆಡೆ ಹರಡಿತು. ಇದರಲ್ಲಿ ಅಯಸ್ಕಾಂತವು ತಾಮ್ರದ ಸುರುಳಿಗಳ ನಡುವೆ ತಿರುಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಹಿಂದುಮುಂದಾಗಿ ಹರಿಯುವ ಆ ವಿದ್ಯುತ್ತನ್ನು ಡಯೋಡುಗಳು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ರೆಗ್ಯುಲೇಟರು ಅಯಸ್ಕಾಂತದ ಬಲವನ್ನು ಹೆಚ್ಚು ಕಡಮೆ ಮಾಡಿ ವೋಲ್ಟೇಜನ್ನು ಮಿತಿಯಲ್ಲಿಡುತ್ತದೆ.

ವೋಲ್ಟೇಜು ಕಡಮೆಯಾದರೆ ಬ್ಯಾಟರಿಯು ಎಂದಿಗೂ ಪೂರ್ತಿ ತುಂಬದೆ, ಸೀಸದ ತಟ್ಟೆಗಳ ಮೇಲೆ ಗಟ್ಟಿಯಾದ ಬಿಳಿಯ ಲವಣವು ಕಟ್ಟಿಕೊಂಡು ಅದರ ಆಯುಸ್ಸು ಕುಗ್ಗುವುದು. 15 ವೋಲ್ಟನ್ನು ಮೀರಿದರೆ ನೀರು ಬೇಗ ಬತ್ತಿ ತಟ್ಟೆಗಳು ಸವೆಯುವುವು. ಸೆಕೆ ಹೆಚ್ಚಿದಂತೆ ರೆಗ್ಯುಲೇಟರು ವೋಲ್ಟೇಜನ್ನು ಸ್ವಲ್ಪ ತಗ್ಗಿಸುವುದುಂಟು. ಆದುದರಿಂದ ಬಿರುಬೇಸಗೆಯಲ್ಲಿ 13.8 ಕಂಡುಬಂದರೆ ಅದನ್ನು ದೋಷವೆಂದು ಭಾವಿಸಕೂಡದು.

ಪರೀಕ್ಷಿಸುವ ಕ್ರಮ

ಇದಕ್ಕೆ ಒಂದು ಸಾಮಾನ್ಯ ಮಲ್ಟಿಮೀಟರು ಸಾಕು. ಗೇರನ್ನು ನ್ಯೂಟ್ರಲಿನಲ್ಲಿಟ್ಟು ಬ್ರೇಕನ್ನು ಬಿಗಿಯತಕ್ಕದ್ದು. ಹೆಗಲ ಮೇಲಣ ವಸ್ತ್ರ, ಪಂಚೆಯ ಅಂಚು ಮುಂತಾದವು ಬೆಲ್ಟಿಗೆ ಸಿಕ್ಕದಂತೆ ನೋಡಿಕೊಳ್ಳಬೇಕು.

1. ರಾತ್ರಿಯೆಲ್ಲ ನಿಂತಿದ್ದ ಟ್ರಾಕ್ಟರಿನ ಬ್ಯಾಟರಿಯನ್ನು ಬೆಳಿಗ್ಗೆ ಅಳೆಯಬೇಕು. 12.6 ಇದ್ದರೆ ಪೂರ್ಣ, 12.2 ಇದ್ದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿದ್ದರೆ ಬಹುಪಾಲು ಬರಿದಾಗಿದೆಯೆಂದು ತಿಳಿಯಬೇಕು.

2. ಇಂಜಿನನ್ನು ನಿಮಿಷಕ್ಕೆ ಸುಮಾರು 1,500 ಸುತ್ತಿನಂತೆ ಕೆಲವು ನಿಮಿಷ ಓಡಿಸಿ, ದೀಪಗಳನ್ನು ಹಚ್ಚಿ, ಬ್ಯಾಟರಿಯ ಎರಡು ಕಂಬಗಳ ನಡುವೆ ಅಳೆಯಬೇಕು.

3. ಅದೇ ಸ್ಥಿತಿಯಲ್ಲಿ ಆಲ್ಟರ್ನೇಟರಿನಿಂದ ವಿದ್ಯುತ್ತು ಹೊರಬರುವ ನಟ್ಟಿಗೂ ಬ್ಯಾಟರಿಯ ಧನ ಕಂಬಕ್ಕೂ ನಡುವೆ, ಬಳಿಕ ಆಲ್ಟರ್ನೇಟರಿನ ಮೈಗೂ ಋಣ ಕಂಬಕ್ಕೂ ನಡುವೆ ಅಳೆಯಬೇಕು. ಮೊದಲನೆಯದು 0.3, ಎರಡನೆಯದು 0.2 ವೋಲ್ಟನ್ನು ಮೀರಕೂಡದು.

ಒಂದು ಉದಾಹರಣೆ: ಆಲ್ಟರ್ನೇಟರಿನಲ್ಲಿ 14.2 ವೋಲ್ಟು ಹುಟ್ಟಿ, ಬ್ಯಾಟರಿಯಲ್ಲಿ 13.3 ಮಾತ್ರ ಕಂಡುಬಂದಿತೆನ್ನೋಣ. 0.9 ವೋಲ್ಟು ದಾರಿಯಲ್ಲಿಯೇ ನಷ್ಟವಾಗಿದೆ. ಧನದ ತಂತಿಯಲ್ಲಿ 0.2, ಅರ್ತ್ ಕಡೆಯಲ್ಲಿ 0.7 ತೋರಿದರೆ, ತುಕ್ಕು ಹಿಡಿದ ಅರ್ತ್ ಪಟ್ಟಿಯೇ ಕಳ್ಳನೆಂಬುದು ಸ್ಪಷ್ಟ. ತೂಬಿನಲ್ಲಿ ಬಿಟ್ಟ ನೀರು ಹೂಳು ತುಂಬಿದ ಕಾಲುವೆಯಿಂದಾಗಿ ಕೊನೆಯ ಗದ್ದೆಗೆ ಸೇರದಿದ್ದರೆ ಕೆರೆಯನ್ನು ದೂರುವುದು ಸರಿಯೇ?

ಸುಧಾರಿಸುವ ಉಪಾಯಗಳು

ಇಂಜಿನನ್ನು ನಿಲ್ಲಿಸಿ, ಮೊದಲು ಋಣದ ತಂತಿಯನ್ನು ಬಿಚ್ಚಬೇಕು. ಜೋಡಿಸುವಾಗ ಅದನ್ನು ಕೊನೆಯಲ್ಲಿ ಜೋಡಿಸಬೇಕು. ಕಂಬಗಳ ಮೇಲಣ ಕಿಲುಬನ್ನು ಅಡಿಗೆ ಸೋಡಾ ಬೆರೆಸಿದ ನೀರಿನಿಂದ ತೊಳೆಯಬೇಕು. ಆ ನೀರು ಕೋಶದೊಳಕ್ಕೆ ಬೀಳಕೂಡದು. ಅರ್ತ್ ಪಟ್ಟಿಯು ಕೂಡುವ ಸ್ಥಳದ ಬಣ್ಣ ಮತ್ತು ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ, ಬಿಗಿಯಾಗಿ ಕೂಡಿಸಿ, ಮೇಲೆ ಗ್ರೀಸು ಸವರಬೇಕು. ಸವೆದ ತಂತಿಗೆ ಬದಲಾಗಿ ದಪ್ಪ ತಾಮ್ರದ ತಂತಿಯನ್ನು ಹಾಕಬೇಕು. ಆಲ್ಟರ್ನೇಟರಿನಲ್ಲಿಯೇ ವೋಲ್ಟೇಜು ಕಡಮೆಯಿದ್ದರೆ ಮೊದಲು ಬೆಲ್ಟನ್ನು ನೋಡಬೇಕು. ಸಡಿಲವಾದ ಬೆಲ್ಟು ಜಾರುತ್ತದೆ. ಬೆಲ್ಟು ಸರಿಯಿದ್ದರೆ ಕಾರ್ಬನ್ ಬ್ರಷ್ಷು, ಡಯೋಡು ಅಥವಾ ರೆಗ್ಯುಲೇಟರಿನ ದೋಷವಿರಬಹುದು. ಅದು ನುರಿತ ಮೆಕ್ಯಾನಿಕ್ಕಿನ ಕೆಲಸ.

ಹೆಚ್ಚಿನ ದೀಪ, ಹಾಡಿನ ಪೆಟ್ಟಿಗೆ ಮುಂತಾದವನ್ನು ಜೋಡಿಸುವವರು ಲೆಕ್ಕವಿಡತಕ್ಕದ್ದು. 55 ವಾಟಿನ ನಾಲ್ಕು ದೀಪಗಳೇ ಸುಮಾರು 16 ಆಂಪಿಯರನ್ನು ನುಂಗುತ್ತವೆ. ಆಲ್ಟರ್ನೇಟರಿನ ಶಕ್ತಿಯನ್ನು ಮೀರಿದ ಭಾರವು ಬ್ಯಾಟರಿಯ ಮೇಲೆಯೇ ಬೀಳುವುದು.

ಎಚ್ಚರಿಕೆಗಳು

ಇಂಜಿನು ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಬಿಚ್ಚಿ ಪರೀಕ್ಷಿಸುವ ಪದ್ಧತಿಯು ಡೈನಮೋ ಕಾಲದ್ದು; ಈಗ ಹಾಗೆ ಮಾಡಿದರೆ ಡಯೋಡುಗಳು ಸುಟ್ಟುಹೋಗಬಹುದು. ಬ್ಯಾಟರಿಯಿಂದ ಹೊರಡುವ ಜಲಜನಕವು ಕಿಡಿ ತಗಲಿದರೆ ಸ್ಫೋಟಿಸುವುದರಿಂದ ಬೀಡಿ, ಬೆಂಕಿಕಡ್ಡಿಗಳು ಹತ್ತಿರ ಸುಳಿಯಕೂಡದು. ಕೋಶಗಳಿಗೆ ಬಟ್ಟಿ ಇಳಿಸಿದ ನೀರನ್ನಲ್ಲದೆ ಬಾವಿಯ ನೀರನ್ನಾಗಲಿ ಆಮ್ಲವನ್ನಾಗಲಿ ಹಾಕಲಾಗದು. ಟ್ರಾಕ್ಟರು ನಿಂತಿರುವ ತಿಂಗಳುಗಳಲ್ಲಿ ಬ್ಯಾಟರಿಯನ್ನು ತಿಂಗಳಿಗೊಮ್ಮೆ ಅಳೆದು, 12.4ಕ್ಕೆ ಇಳಿದೊಡನೆ ತುಂಬಿಸತಕ್ಕದ್ದು.

ಗ್ರಾಮದ ಮುಖಂಡರು ಸಹಕಾರ ಸಂಘದಲ್ಲಿ ಒಂದು ಮೀಟರನ್ನು ಇರಿಸಿ, ಯುಗಾದಿಯ ಸುಮಾರಿಗೆ ಊರಿನ ಟ್ರಾಕ್ಟರುಗಳನ್ನೆಲ್ಲ ಪರೀಕ್ಷಿಸುವ ಏರ್ಪಾಡನ್ನು ಮಾಡಿದರೆ, ಬಾಡಿಗೆಯ ಉಳುಮೆಯನ್ನೇ ನಂಬಿರುವ ಸಣ್ಣ ಹಿಡುವಳಿದಾರರಿಗೂ ಹದ ತಪ್ಪದೆ ಬಿತ್ತನೆಯಾಗುವುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದಕ್ಕಿಂತ ಇದು ಲೇಸಲ್ಲವೇ?