ಹಡಗಿನ ಹೋಟೆಲಿನ ಲಿಲಾವು

ವಾಸ್ಕೋ ಪೇಟೆಯಿಂದ ಬಾಯ್ನಾಕ್ಕೆ ಬರುವ ದಾರಿಯಲ್ಲಿ ಉಡುಪಿ ಕಡೆಯವರ ಒಂದು ಹಳೆಯ ಶಾಕಾಹಾರಿ ಹೋಟೆಲ್ ಇತ್ತು. ಮನೆಯವರಿಗೆ ಇಷ್ಟವಿಲ್ಲದ್ದರಿಂದ ಅದರ ಹೆಸರು ಬರೆಯುವುದಿಲ್ಲ. ನಾವೆಲ್ಲ ಅದಕ್ಕೆ ಹಡಗಿನ ಹೋಟೆಲ್ ಅನ್ನುತ್ತಿದ್ದೆವು. ಹಿರಿಯ ಮಾಲೀಕರು ಒಡೆದ ಹಡಗುಗಳ ಸಾಮಾನು ತಂದು ಒಳಗೆಲ್ಲ ಜೋಡಿಸಿದ್ದರು. ಗೋಡೆಗೆ ಹಿತ್ತಾಳೆ ಚೌಕಟ್ಟಿನ ದುಂಡು ಕಿಟಕಿಗಳು, ಗಲ್ಲೆಯ ಹಿಂದೆ ದೊಡ್ಡ ಚುಕ್ಕಾಣಿ ಚಕ್ರ, ಮಾಣಿಗಳ ತಲೆಗೆ ಖಲಾಸಿಯ ಬಿಳಿ ಟೊಪ್ಪಿಗೆ. ದೋಸೆ ಸಿದ್ಧವಾದರೆ ಅಡುಗೆಮನೆಯಿಂದ ಹಡಗಿನ ಗಂಟೆ ಬಾರಿಸುತ್ತಿದ್ದರು. ನನ್ನ ಮಕ್ಕಳು ದೋಸೆಗಿಂತ ಗಂಟೆಗಾಗಿಯೇ ಹಟ ಮಾಡುತ್ತಿದ್ದರು.

ನಮ್ಮ ಸಮಾಜದ ಕುಟುಂಬಗಳಿಗೆ ಅಲ್ಲಿ ಇನ್ನೊಂದು ಅನುಕೂಲವಿತ್ತು. ದಶಲಕ್ಷಣ ಪರ್ವದ ಹತ್ತು ದಿನ ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆ-ಗೆಣಸು ಮುಟ್ಟದ ಬೇರೆ ಪಾತೇಲಿಯಲ್ಲಿ ಸಾರು ಮಾಡಿ, ಸೂರ್ಯಾಸ್ತಕ್ಕೆ ಮೊದಲೇ ಬಡಿಸಿ ಮುಗಿಸುತ್ತಿದ್ದರು. ಆ ಪಾತೇಲಿ ಕೊಟ್ಟದ್ದು ನನ್ನ ಅಂಗಡಿ. ಗುರುತಿಗೆ ಅಂಚಿನಲ್ಲಿ ‘ಜೈ’ ಎಂದು ನಾನೇ ಕೊರೆಸಿದ್ದೆ.

2012ರಲ್ಲಿ ಗೋವೆಯ ಅದಿರು ಗಣಿಗಳು ನಿಂತವು. ಲಾರಿಯವರು, ಬಾರ್ಜಿನವರು ಕಡಿಮೆಯಾದರು. ಮತ್ತೆ ಸುರುವಾದ ಗಣಿ 2018ರಲ್ಲಿ ಪುನಃ ನಿಂತಿತು. 2020ರ ಲಾಕ್‌ಡೌನ್ ಉಳಿದ ಗಿರಾಕಿಯನ್ನೂ ತೆಗೆದುಕೊಂಡು ಹೋಯಿತು. ಇಂಥ ಗತಿ ಇದೊಂದಕ್ಕೇ ಬಂದದ್ದಲ್ಲ. ಕಾರಿನಲ್ಲಿ ಕುಳಿತವರಿಗೆ ಅಲ್ಲೇ ತಟ್ಟೆ ತಂದುಕೊಡುತ್ತಿದ್ದ ಚೆನ್ನೈಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್, ನಮ್ಮ ಉಡುಪಿಯವರೇ 1962ರಲ್ಲಿ ತೆರೆದದ್ದು, ಸರಕಾರಿ ಜಮೀನು ಬಿಟ್ಟುಕೊಡಬೇಕಾಗಿ 2008ರಲ್ಲಿ ಮುಚ್ಚಿತು. ಅಲ್ಲೀಗ ಉದ್ಯಾನವಿದೆ. ಬೆಂಗಳೂರು ಮಲ್ಲೇಶ್ವರದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು.

ನಮ್ಮ ಹಡಗಿನ ಹೋಟೆಲಿನ ಸಾಮಾನು ಲಿಲಾವಿಗೆ ಬಂದದ್ದು 2022ರ ಕೊನೆಗೆ. ಲಿಲಾವು ಎಂಬ ಮಾತೇ ಪೋರ್ತುಗೀಜರ ಲೈಲಾಂವ್‌ನಿಂದ ಬಂದದ್ದಂತೆ. ಮಾತು ಹುಟ್ಟಿದವರ ಬಂದರಿನಲ್ಲೇ ಲಿಲಾವು ನೋಡಿದ ಹಾಗಾಯಿತು.

ನಾನು ಹೋದದ್ದು ಪಾತ್ರೆ ಕೊಳ್ಳಲಿಕ್ಕೆ ಎಂದು ಮಗನಿಗೆ ಹೇಳಿದ್ದೆ. ನಿಜ ಬೇರೆ. 1981ರಲ್ಲಿ ಮೀಟರ್‌ಗೇಜ್ ರೈಲಿನಲ್ಲಿ ಲೋಂಡಾ ಮೇಲಿಂದ ಇಲ್ಲಿ ಬಂದಿಳಿದಾಗ ನನ್ನ ಕಿಸೆಯಲ್ಲಿ ಮೆಟ್ರಿಕ್ ಸರ್ಟಿಫಿಕೇಟ್ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆ ಹೋಟೆಲಿನಲ್ಲಿ ಉದ್ರಿ ಉಂಡೆ. 112 ರೂಪಾಯಿ ಬಾಕಿ ಉಳಿಯಿತು. ಮೊದಲು ಕೊಡಲು ಹಣವಿರಲಿಲ್ಲ. ಮುಂದೆ ನಾನೇ ಅವರಿಗೆ ಸಾವಿರಗಟ್ಟಲೆ ಪಾತ್ರೆ ಕೊಡುವವನಾದೆ, ಆಗ ಆ ಮಾತು ಎತ್ತಲು ನಾಚಿಕೆಯಾಯಿತು. ಅವರೂ ಎತ್ತಲಿಲ್ಲ. ಹಿರಿಯರು ತೀರಿಹೋದರು. ಅವರ ಉದ್ರಿ ಪುಸ್ತಕದಲ್ಲಿ ನನ್ನ ಹಾಳೆ ಇದ್ದೀತು, ಅದನ್ನು ಕಣ್ಣಿನಿಂದ ನೋಡಿ ಮಗನ ಕೈಗೆ ಹಣ ಕೊಡಬೇಕು ಎಂದು ಮನಸ್ಸಿನಲ್ಲಿತ್ತು.

ಮೇಜುಗಳ ಮೇಲೆ ಖಡುವಿನಿಂದ ನಂಬರು ಬರೆದಿದ್ದರು. ಅನಾಮತ್ತು ಕಟ್ಟಿದವರಿಗೇ ಕೂಗಲು ಅವಕಾಶ. ನಮ್ಮ ಬಸದಿಯಲ್ಲಿ ಕಲಶಕ್ಕೆ ಸವಾಲು ಕೂಗುವಾಗ ಬೆಲೆ ಏರಿದಷ್ಟೂ ಎಲ್ಲರ ಮುಖ ಅರಳುತ್ತದೆ. ಇಲ್ಲಿ ಮೋಡ್ಕಾ ವ್ಯಾಪಾರಿಗಳು ಚಹಾ ಅಂಗಡಿಯಲ್ಲೇ ಒಳಗುತ್ತು ಮಾಡಿಕೊಂಡು ಬಂದಿದ್ದರು. ಒಬ್ಬ ಕೂಗುವುದು, ಉಳಿದವರು ಬಾಯಿ ಮುಚ್ಚುವುದು, ಆಮೇಲೆ ಹೊರಗೆ ತಮ್ಮೊಳಗೆ ಹಂಚಿಕೊಳ್ಳುವುದು. ಈ ಆಟ ನನಗೆ ಗೊತ್ತು. ಸುಳ್ಳೇಕೆ ಹೇಳಲಿ, ಪ್ರಾಯದಲ್ಲಿ ನಾನೂ ಒಂದೆರಡು ಸಲ ಅದರಲ್ಲಿ ಕುಳಿತವನೇ.

ದುಂಡು ಕಿಟಕಿಗಳು, ಚುಕ್ಕಾಣಿ, ಗಂಟೆ ಮಾತ್ರ ಗುತ್ತು ಮುರಿದವು. ಹೊರಗಿನ ಒಬ್ಬ ತರುಣ ರೆಸಾರ್ಟಿಗೆ ಬೇಕೆಂದು ಕೂಗಿ ಒಯ್ದ. ಹೆಸರು ಇದ್ದ ಕಡೆ ಹೀಗೇ. ನ್ಯೂಯಾರ್ಕಿನ ಫೋರ್ ಸೀಸನ್ಸ್ ಹೋಟೆಲು 1959ರಿಂದ ನಡೆದದ್ದು. 2016ರ ಜುಲೈಯಲ್ಲಿ ಅದರ ಕುರ್ಚಿ, ಪಾತ್ರೆಗಳನ್ನು ಹರಾಜು ಹಾಕಿದಾಗ 40 ಲಕ್ಷ ಡಾಲರಿಗೂ ಮೇಲೆ ಬಂತು, ಬೂದಿ ತಟ್ಟೆಗಳಿಗೂ ಸಾವಿರಾರು ಡಾಲರು. ನಮ್ಮ ಬಾಯ್ನಾದ ಸ್ಟೀಲು ಮಾತ್ರ ತೂಕಕ್ಕೆ ಹೋಯಿತು. ರಾಶಿಯ ನಡುವೆ ‘ಜೈ’ ಅಕ್ಷರ ಕಂಡಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಮೂರನೆಯ ಸಲ ಕೂಗಿ ಆಗಿತ್ತು. ಕೊಂಡವನನ್ನು ಕೇಳಿದೆ. ಬಿಡಿಯಾಗಿ ಕೊಡುವುದಿಲ್ಲ ಅಂದ. ಆತನ ತಪ್ಪಲ್ಲ, ಮೊದಲೇ ಕೂಗಬೇಕಿತ್ತು.

ರದ್ದಿ ಕೊನೆಗೆ ಬಂತು. ಒಬ್ಬನ ಮೇಲೆ ಒಬ್ಬರು ಕೂಗುವ ಮಾಲಲ್ಲ ಅದು. ನಾನು ಕೂಗಿದಾಗ ಮೋಡ್ಕಾದವರು, ಏನೋ ಇದೆ ಅದರಲ್ಲಿ ಎಂದು ಬೆಲೆ ಏರಿಸಿದರು. ರದ್ದಿಯ ದರದ ನಾಲ್ಕು ಪಟ್ಟು ಕೊಟ್ಟೆ.

ರಾತ್ರಿ ಮನೆಯಲ್ಲಿ ಬಿಚ್ಚಿದರೆ ಪುಸ್ತಕಗಳು ಸುರುವಾಗುವುದೇ 1993ರಿಂದ. ಹಿಂದಿನವು ಒಂದು ಮಳೆಗಾಲ ಮಾಳಿಗೆ ಸೋರಿ ಹಾಳಾದವಂತೆ. ನನ್ನ ಹಾಳೆ ಇಲ್ಲ.

ಆದರೂ ಬೆಳಗಿನ ಜಾವದವರೆಗೆ ಓದಿದೆ. ನಾಲ್ಕು ದಶಕ ಕಿರ್ದಿ-ಖತಾವಣಿ ಬರೆದವನು ನಾನು, ಇಂಥ ಲೆಕ್ಕ ಕಂಡಿರಲಿಲ್ಲ. ಹೆಸರೇ ಇಲ್ಲ. ‘ಬಾಗಲಕೋಟೆಯ ಎತ್ತರದವ’, ‘ಕ್ರೇನಿನ ಹುಡುಗ’, ‘ಕೆಮ್ಮುವ ಹಮಾಲ’, ಮುಂದೆ ಊಟದ ಗೀರುಗಳು. 2004ರ ಜೂನಿನಲ್ಲಿ ಬಾಯ್ನಾ ದಂಡೆಯ ಮನೆಗಳನ್ನು ಸರಕಾರ ಕೆಡವಿತು. ಬಹಳ ಕನ್ನಡಿಗರು ಬೀದಿಗೆ ಬಿದ್ದರು. ಆ ತಿಂಗಳ ಹಾಳೆಗಳಲ್ಲಿ ಗೀರುಗಳಿವೆ, ಮೊತ್ತ ಹಾಕಿಲ್ಲ. ಜಮಾ ಬದಿ ಪೂರ್ತಿ ಖಾಲಿ.

ಮರುದಿನ 112 ರೂಪಾಯಿ ಹಿಡಿದು ಮಾಲೀಕರ ಮಗನ ಬಳಿ ಹೋದೆ. ಬಡ್ಡಿ ಸೇರಿಸಲೇ ಎಂದೂ ಕೇಳಿದೆ. ಆತ ನಕ್ಕು, ‘ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಹೇಗೆ ತೆಗೆದುಕೊಳ್ಳಲಿ ಸೇಠ್‌ಜೀ’ ಅಂದ. ಪುಸ್ತಕ ಬೇಕೇ ಎಂದರೆ ಅದೂ ಬೇಡವಂತೆ.

ನನ್ನ ಮಗ ಅವನ್ನು ತೂಗಿ ನೋಡಿದ, 11 ಕಿಲೋ. ಅಂಗಡಿಯಲ್ಲಿ ಜಾಗ ಇಲ್ಲ ಎಂದು ಗೊಣಗುತ್ತಾನೆ. ಸದ್ಯ ನನ್ನ ಗಾದಿಯ ಹಿಂದಿನ ಕಪಾಟಿನಲ್ಲಿ, ನಮ್ಮ ಚೋಪಡಿಗಳ ಪಕ್ಕದಲ್ಲೇ ಇಟ್ಟಿದ್ದೇನೆ.